ಮಾವನವರ ಹಳೇ ಎನ್‌ಜಿಇಎಫ್ ಮೋಟಾರಿಗೆ ಯಾವ ಸ್ಟಾರ್ಟರ್ ಹಾಕಿಸಲಿ?

ಗವಿಪುರದ ಅಳಿಯ:
ಎಲ್ಲರಿಗೂ ನಮಸ್ಕಾರ. ಗವಿಪುರದಲ್ಲಿ ನಮ್ಮ ಮಾವನವರದ್ದು ಒಂದು ಹಿಟ್ಟಿನ ಗಿರಣಿ ಇದೆ. ಒಂದೇ ಕಲ್ಲು, ಒಂದೇ ಮೋಟಾರು. 7.5 ಎಚ್‌ಪಿ, ಬೆಂಗಳೂರಿನ ಹಳೇ ಎನ್‌ಜಿಇಎಫ್ ಕಾರ್ಖಾನೆಯದ್ದು, ಎರಕದ ಕಬ್ಬಿಣದ ಮೈ, ಒಬ್ಬರ ಕೈಲಿ ಅಲುಗಾಡುವುದೂ ಇಲ್ಲ. 1968ರಲ್ಲಿ ಹಾಕಿಸಿದ್ದು ಅನ್ನುತ್ತಾರೆ ಮಾವ. ಇಷ್ಟು ವರ್ಷದಲ್ಲಿ ಒಂದೇ ಸಲ ವೈಂಡಿಂಗ್ ಆಗಿದೆಯಂತೆ.

ತೊಂದರೆ ಮೋಟಾರಿನದ್ದಲ್ಲ, ಸ್ಟಾರ್ಟರಿನದ್ದು. ಗೋಡೆಗೆ ಬಿಗಿದ ಕಬ್ಬಿಣದ ಡಬ್ಬ, ಕೆಳಗೆ ಎಣ್ಣೆ ತುಂಬಿದ ತೊಟ್ಟಿ, ಪಕ್ಕದಲ್ಲಿ ಒಂದು ಹಿಡಿ. ಹಿಡಿಯನ್ನು ಒಂದು ಕಡೆ ತಳ್ಳಿ ವೇಗ ಬರುವವರೆಗೆ ಕಾಯಬೇಕು, ಆಮೇಲೆ ಇನ್ನೊಂದು ಕಡೆಗೆ ಎಳೆಯಬೇಕು. ಈಗ ಎಳೆದ ಹಿಡಿ ಅಲ್ಲಿ ನಿಲ್ಲುತ್ತಿಲ್ಲ, ಕೈ ಬಿಟ್ಟರೆ ಟಪ್ ಅಂತ ವಾಪಸ್ ಬರುತ್ತದೆ. ಮಾವ ಮೂರು ದಿನದಿಂದ ಅದಕ್ಕೆ ಸೆಣಬಿನ ಹಗ್ಗ ಕಟ್ಟಿ ಗಿರಣಿ ಓಡಿಸುತ್ತಿದ್ದಾರೆ.

ನಮ್ಮ ಏರಿಯಾದ ಎಲೆಕ್ಟ್ರಿಷಿಯನ್ ಬಂದು ನೋಡಿದ, ಎರಡೂ ಗುಜರಿಗೆ ಹಾಕಿ, ಹೊಸ ಮೋಟಾರು ಸ್ಟಾರ್ಟರ್ ಸೇರಿ 35 ಸಾವಿರ ಅಂದ. ಮಾವ ಅವನಿಗೆ ಟೀ ಕೂಡ ಕೊಡಲಿಲ್ಲ. ಮೋಟಾರು ಇಟ್ಟುಕೊಂಡು ಸ್ಟಾರ್ಟರ್ ಮಾತ್ರ ಬದಲಾಯಿಸಬಹುದಾ? ಯಾವುದು ತರಲಿ? ನಾನು ಸಾಫ್ಟ್‌ವೇರಿನವನು, ಕರೆಂಟಿನ ವಿಷಯ ಅಷ್ಟಕ್ಕಷ್ಟೇ.

ಮೂರು ಫೇಸ್:
ಮೊದಲು ಆ ಹಗ್ಗ ಬಿಚ್ಚಿಸಿ ಸಾರ್. ಈಗಲೇ. ಮಿಕ್ಕಿದ್ದು ಆಮೇಲೆ.

ಗವಿಪುರದ ಅಳಿಯ:
ಯಾಕೆ? ಚೆನ್ನಾಗೇ ಓಡುತ್ತಿದೆಯಲ್ಲ.

ಮೂರು ಫೇಸ್:
ಓಡುತ್ತದೆ, ಅದೇ ಭಯ. ಆ ಹಿಡಿಯನ್ನು ಹಿಡಿದಿಡುವುದು ಒಳಗಿರುವ ನೋ ವೋಲ್ಟ್ ಕಾಯಿಲ್. ಕರೆಂಟ್ ಹೋದರೆ ಕಾಯಿಲ್ ಬಿಡುತ್ತದೆ, ಹಿಡಿ ತಾನಾಗಿ ಆಫ್‌ಗೆ ಬೀಳುತ್ತದೆ. ಓವರ್‌ಲೋಡ್ ಆದರೂ ಅದೇ ದಾರಿ. ಹಗ್ಗ ಕಟ್ಟಿದ ಮೇಲೆ ಎರಡೂ ರಕ್ಷಣೆ ಹೋಯಿತು. ಕರೆಂಟ್ ಹೋಗಿದೆ ಅಂತ ನಿಮ್ಮ ಮಾವ ಕಲ್ಲಿನ ಹತ್ತಿರ ಕೈ ಇಟ್ಟು ಹಿಟ್ಟು ಬಳಿಯುತ್ತಿರುವಾಗ ಕರೆಂಟ್ ವಾಪಸ್ ಬಂದರೆ? ಮೋಟಾರು ಯಾರನ್ನೂ ಕೇಳದೆ ಶುರುವಾಗುತ್ತದೆ.

ಗವಿಪುರದ ಅಳಿಯ:
ಅಯ್ಯೋ. ಫೋನ್ ಮಾಡಿ ಹೇಳಿದೆ. ಗಿರಣಿ ನಿಲ್ಲಿಸಿದ್ದಾರೆ, ಜೊತೆಗೆ ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದಾರೆ.

ಹೊಸಕೋಟೆ ಹೈದ:
ಇದಕ್ಕೆಲ್ಲ ಇಷ್ಟು ಚರ್ಚೆ ಯಾಕೆ ಗುರೂ. ಒಂದು ಡಿಓಎಲ್ ಸ್ಟಾರ್ಟರ್ (ಲೈನಿನ ಕರೆಂಟನ್ನು ನೇರವಾಗಿ ಮೋಟಾರಿಗೆ ಕೊಡುವುದು) ತಂದು ಹಾಕಿ, ಹಸಿರು ಬಟನ್ ಒತ್ತಿ. ನಮ್ಮ ತೋಟದಲ್ಲಿ 7.5 ಎಚ್‌ಪಿ ಪಂಪು ಹತ್ತು ವರ್ಷದಿಂದ ಡಿಓಎಲ್ ಮೇಲೇ ಓಡುತ್ತಿದೆ.

ಸುಮಾ ಇಇಇ:
ಪಂಪಿನ ಲೆಕ್ಕ ಬೇರೆ, ಗಿರಣಿಯ ಲೆಕ್ಕ ಬೇರೆ. ಪಂಪು ಹಗುರಾಗಿ ಶುರುವಾಗುತ್ತದೆ. ಗಿರಣಿಯಲ್ಲಿ ಭಾರದ ಕಲ್ಲು, ಬೆಲ್ಟು, ಪುಲ್ಲಿ ಎಲ್ಲವೂ ನಿಂತ ಜಾಗದಿಂದ ಏಳಬೇಕು. ಡಿಓಎಲ್‌ನಲ್ಲಿ ಮೋಟಾರು ಏಳುವಾಗ ಮಾಮೂಲಿ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ. 7.5 ಎಚ್‌ಪಿ ಅಂದರೆ ಪೂರ್ತಿ ಲೋಡಿಗೆ ಸುಮಾರು 11 ಆಂಪ್, ಏಳುವಾಗ 70 ಆಂಪ್ ಹತ್ತಿರ. ಗವಿಪುರದ ಹಳೇ ಗಲ್ಲಿಯಲ್ಲಿ ಅಕ್ಕಪಕ್ಕದ ಮನೆಯವರ ಟಿವಿ ಒಂದು ಸಲ ಕಣ್ಣು ಮಿಟುಕಿಸುತ್ತದೆ, ನಿಮ್ಮ ಹಳೇ ಬೆಲ್ಟು ಒಂದು ಸಲ ಕಿರುಚುತ್ತದೆ.

ನಿಮ್ಮಲ್ಲಿ ಈಗಿರುವುದು ಕೈಯಿಂದ ಓಡಿಸುವ ಸ್ಟಾರ್ ಡೆಲ್ಟಾ. ಮೋಟಾರಿನ ಒಳಗಿನ ಮೂರು ತಂತಿ ಸುರುಳಿಗಳನ್ನು ಏಳುವಾಗ ಸ್ಟಾರ್, ವೇಗ ಬಂದ ಮೇಲೆ ಡೆಲ್ಟಾ ಅಂತ ಎರಡು ರೀತಿ ಜೋಡಿಸುತ್ತದೆ. ಮೊದಲು ಸ್ಟಾರ್‌ನಲ್ಲಿ ಏಳಿಸಿದಾಗ ಪ್ರತಿ ಸುರುಳಿಗೂ 58 ಶೇಕಡಾ ವೋಲ್ಟೇಜ್ ಮಾತ್ರ ಸಿಗುತ್ತದೆ. ಲೈನಿನ ಕರೆಂಟು ಮೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ, ತಿರುಗಿಸುವ ಬಲವೂ ಅಷ್ಟೇ ಇಳಿಯುತ್ತದೆ. ಅದಕ್ಕೇ ಹಳಬರು ಕಾಳು ಬಿಡದೆ, ಕಲ್ಲು ಸಡಿಲ ಮಾಡಿ ಮೋಟಾರು ಶುರು ಮಾಡುತ್ತಿದ್ದರು. ನಿಮ್ಮ ಮಾವನವರೂ ಹಾಗೇ ಮಾಡುತ್ತಾರೆ ಅಲ್ವಾ?

ಗವಿಪುರದ ಅಳಿಯ:
ಹೌದು ಮೇಡಂ! ಕಲ್ಲಿನ ಚಕ್ರ ಸ್ವಲ್ಪ ತಿರುಗಿಸಿ ಆಮೇಲೆ ಹಿಡಿ ತಳ್ಳುತ್ತಾರೆ. ನಾನು ಅದು ಏನೋ ಪೂಜೆಯ ತರಹದ ಅಭ್ಯಾಸ ಅಂದುಕೊಂಡಿದ್ದೆ.

ರಾಗಿಮುದ್ದೆ:
ಕಲ್ಲಿನ ಗಿರಣಿಯಾ? ಬೆಂಗಳೂರಲ್ಲಿ ಇನ್ನೂ ಇದೆಯಾ? ನಮ್ಮ ಬಡಾವಣೆಯಲ್ಲಿ ಎಲ್ಲ ಪಲ್ವರೈಸರ್. ಬಿಸಿ ಬಿಸಿ ಹಿಟ್ಟು ಬರುತ್ತದೆ, ಮುದ್ದೆಗೆ ಜಿಗುಟೇ ಬರುವುದಿಲ್ಲ. ವಿಳಾಸ ಹಾಕಿ ಸಾರ್, ರಾಗಿ ತರುತ್ತೇನೆ.

ಡ್ರೈವ್ ದಿನೇಶ:
ಎಲ್ಲರೂ ಇನ್ನೂ 1968ರಲ್ಲೇ ಇದ್ದೀರಾ? ಒಂದು ವಿಎಫ್‌ಡಿ (ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಎಲೆಕ್ಟ್ರಾನಿಕ್ ಡ್ರೈವ್) ಹಾಕಿ ಮುಗಿಸಿ. ಮೆಲ್ಲಗೆ ಏಳುತ್ತದೆ, ವೇಗ ಬೇಕಾದಷ್ಟು ಇಟ್ಟುಕೊಳ್ಳಬಹುದು, ಒಂದು ಫೇಸ್ ಹೋದರೆ ತಾನೇ ನಿಲ್ಲಿಸುತ್ತದೆ, ಓವರ್‌ಲೋಡೂ ನೋಡಿಕೊಳ್ಳುತ್ತದೆ. ಕೈಯಲ್ಲಿ ಹಿಡಿ ತಳ್ಳುವ ಕಾಲ ಹೋಯಿತು.

ವೈಂಡಿಂಗ್ ವಾಸು:
ದಿನೇಶ್ ಅವರೇ, ನಾನು ಕಾಮಾಕ್ಷಿಪಾಳ್ಯದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ನಡೆಸುತ್ತೇನೆ. ನೀವು ಹಾಕಿಸಿದ ಡ್ರೈವಿನಿಂದ ನನಗೆ ಒಳ್ಳೆ ವ್ಯಾಪಾರ, ಅದಕ್ಕೆ ಥ್ಯಾಂಕ್ಸ್. ವಿಎಫ್‌ಡಿ ನೀರಿನ ಹಾಗೆ ನುಣ್ಣಗೆ ಕರೆಂಟ್ ಕೊಡುವುದಿಲ್ಲ, ಕೊಚ್ಚಿ ಕೊಚ್ಚಿ ಕೊಡುತ್ತದೆ. ಪ್ರತಿ ಏಟಿಗೂ ವೋಲ್ಟೇಜ್ ಮೇಲಕ್ಕೆ ಹಾರುತ್ತದೆ. ಈಗಿನ ತಂತಿಯ ಎನಾಮಲ್ ಅದನ್ನು ತಡೆಯುತ್ತದೆ. ಹಳೇ ಮೋಟಾರಿನ ವಾರ್ನಿಶ್ ಅಷ್ಟು ಹೊತ್ತಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ, ಮೊದಲ ಸುತ್ತಿನಲ್ಲೇ ಹೋಗುತ್ತದೆ. ಮೇಲೆ ವೇಗ ಇಳಿಸಿದರೆ ಹಿಂದಿನ ಫ್ಯಾನೂ ಮೆಲ್ಲಗೆ ತಿರುಗುತ್ತದೆ, ಮೋಟಾರು ಬೇಯುತ್ತದೆ. ಮತ್ತೆ ಹಿಟ್ಟಿನ ಧೂಳು ಡ್ರೈವಿನ ಹೊಟ್ಟೆಗೆ ಹೋದರೆ ಕೇಳುವುದೇ ಬೇಡ.

ಡ್ರೈವ್ ದಿನೇಶ:
ಡ್ರೈವಿಗೂ ಮೋಟಾರಿಗೂ ನಡುವೆ ಔಟ್‌ಪುಟ್ ಚೋಕ್ ಅನ್ನುವ ಕಾಯಿಲ್ ಹಾಕಿದರೆ ಅದೆಲ್ಲ ಇರುವುದಿಲ್ಲ. ಧೂಳು ಹೋಗದ ಡಬ್ಬದ ಡ್ರೈವೂ ಸಿಗುತ್ತದೆ.

ವೈಂಡಿಂಗ್ ವಾಸು:
ಚೋಕ್ ಹಾಕಿ, ಡಬ್ಬ ಹಾಕಿ, ಕೊನೆಗೆ ಲೆಕ್ಕ ಹಾಕಿ. ಹೊಸ ಮೋಟಾರೇ ಬಂತು. ಹಳ್ಳಿಯಲ್ಲಿ ಸಿಂಗಲ್ ಫೇಸ್ ಮಾತ್ರ ಇರುವ ಜಾಗದಲ್ಲಿ ವಿಎಫ್‌ಡಿ ದೇವರು, ಒಪ್ಪುತ್ತೇನೆ. ಇಲ್ಲಿ ಮೂರು ಫೇಸ್ ಬಾಗಿಲಲ್ಲೇ ಇದೆ.

ಅಳಿಯಂದಿರೇ, ಯಾವ ಸ್ಟಾರ್ಟರ್ ಅಂತ ಎಚ್‌ಪಿ ನೋಡಿ ಹೇಳಲು ಆಗುವುದಿಲ್ಲ. ಮೋಟಾರಿನ ಪ್ಲೇಟು ಓದಿ. ಟರ್ಮಿನಲ್ ಬಾಕ್ಸಿನ ಮುಚ್ಚಳ ಬಿಚ್ಚಿ, ಒಳಗೆ ಎಷ್ಟು ತುದಿ ಹೊರಗೆ ಬಂದಿವೆ ಎಣಿಸಿ. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಆಮೇಲೆ ಬಿಚ್ಚಿ.

ಗವಿಪುರದ ಅಳಿಯ:
ಪ್ಲೇಟಿನ ಮೇಲೆ ನಾಲ್ಕು ಕೋಟು ಹಸಿರು ಪೇಂಟು ಇದೆ. ಪ್ರತಿ ಆಯುಧಪೂಜೆಗೂ ಬಳಿದಿದ್ದಾರೆ. ಅದರ ಮೇಲೆ ಕುಂಕುಮ.

ಚಿಕ್ಕಪೇಟೆ ಚಿದು:
ಹಹ್ಹ. ಥಿನ್ನರ್ ಬಟ್ಟೆಯಲ್ಲಿ ಅದ್ದಿ ಹತ್ತು ನಿಮಿಷ ಮುಚ್ಚಿಡಿ, ಆಮೇಲೆ ಉಗುರಿನಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಹಾಕಬೇಡಿ, ಅಕ್ಷರ ಹೋಗುತ್ತದೆ.

ಎನ್‌ಜಿಇಎಫ್ ಮಗಳು:
ಈ ಹೆಸರು ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮಪ್ಪ ಬೈಯಪ್ಪನಹಳ್ಳಿಯ ಕಾರ್ಖಾನೆಯಲ್ಲಿ ಮೋಟಾರ್ ಸೆಕ್ಷನ್ನಲ್ಲಿದ್ದರು. ಬೆಳಗ್ಗೆ ಶಿಫ್ಟಿನ ಹೊತ್ತಿಗೆ ಹಳೇ ಮದ್ರಾಸ್ ರಸ್ತೆ ತುಂಬ ಸೈಕಲ್ಲು. ಮನೆಯಲ್ಲಿ ಯಾವ ಮೋಟಾರು ಸದ್ದು ಮಾಡಿದರೂ ಅಪ್ಪ ಉದ್ದನೆಯ ಸ್ಕ್ರೂಡ್ರೈವರ್ ಅದರ ಮೈಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳಿ, ಇದು ಬೇರಿಂಗು, ಇದು ಕಾಯಿಲು ಅಂತ ಹೇಳುತ್ತಿದ್ದರು. ಆ ಮೋಟಾರು ಗುಜರಿಗೆ ಹಾಕಬೇಡಿ ಪ್ಲೀಸ್.

ಸುಮ್ನೆ ಓದುವವ:
ಎನ್‌ಜಿಇಎಫ್ ಅಂದರೆ ಬ್ರಿಟಿಷರ ಕಾಲದ ಕಾರ್ಖಾನೆ ಅಲ್ವಾ?

ಎನ್‌ಜಿಇಎಫ್ ಮಗಳು:
ಅಲ್ಲಪ್ಪ. 1956ರಲ್ಲಿ ಶುರುವಾದದ್ದು, ಜರ್ಮನಿಯ ಎಇಜಿ ಕಂಪನಿಯ ತಂತ್ರಜ್ಞಾನದಲ್ಲಿ. 2002ರಲ್ಲಿ ಮುಚ್ಚಿತು. ಈಗ ಮೆಟ್ರೋದಲ್ಲಿ ಬೈಯಪ್ಪನಹಳ್ಳಿಗೆ ಹೋಗುವ ಮಕ್ಕಳಿಗೆ ಅಲ್ಲಿ ಮೋಟಾರು ಆಗುತ್ತಿತ್ತು ಅಂದರೆ ನಂಬುವುದಿಲ್ಲ.

ಮೂರು ಫೇಸ್:
ಪೂರ್ತಿ ಹೋಗಿಲ್ಲ ಅಕ್ಕ. ಹುಬ್ಬಳ್ಳಿಯ ಘಟಕ ಬೇರೆ ಕಂಪನಿಯಾಗಿ ಉಳಿದುಕೊಂಡಿತು.

ಸುಮ್ನೆ ಓದುವವ:
ಬೆಂಗಳೂರಿಗೆ ಕರೆಂಟ್ ಬಂದಿದ್ದೇ 1902ರಲ್ಲಿ, ಇಡೀ ಏಷ್ಯಾದಲ್ಲೇ ಮೊದಲು ಅಂತ ವಾಟ್ಸಾಪಿನಲ್ಲಿ ಬಂದಿತ್ತು.

ಸುಮಾ ಇಇಇ:
1902ರಲ್ಲಿ ಶಿವನಸಮುದ್ರದ ಕರೆಂಟು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ವಾಟ್ಸಾಪಿಗೂ ಒಂದು ಓವರ್‌ಲೋಡ್ ರಿಲೇ ಬೇಕು.

ಗವಿಪುರದ ಅಳಿಯ:
ಪ್ಲೇಟು ಸಿಕ್ಕಿತು! ಒಂದು ಗಂಟೆ ಕೆರೆದೆ. ಇದ್ದಿದ್ದು ಇಷ್ಟು: ಎಚ್‌ಪಿ 7.5, ವೋಲ್ಟ್ 400/440, ಆಂಪ್ 11.2, ಆರ್‌ಪಿಎಂ 1440, ಸೈಕಲ್ಸ್ 50, ಕನೆಕ್ಷನ್ ಅನ್ನುವ ಜಾಗದಲ್ಲಿ ಒಂದು ತ್ರಿಕೋನ. ಬಾಕ್ಸಿನ ಒಳಗೆ ಆರು ತುದಿ, ಹಿತ್ತಾಳೆ ಬೋಲ್ಟುಗಳ ಪಕ್ಕ ಎ1 ಬಿ1 ಸಿ1, ಎ2 ಬಿ2 ಸಿ2 ಅಂತ ಕೊರೆದಿದೆ. ಒಂದು ಜಿರಲೆ ಸಂಸಾರವೂ ಇತ್ತು. ಸೈಕಲ್ಸ್ ಅಂದರೆ ಏನು?

ಸುಮಾ ಇಇಇ:
ಈಗ ಹರ್ಟ್ಸ್ ಅನ್ನುವುದನ್ನೇ ಆಗ ಸೈಕಲ್ಸ್ ಅನ್ನುತ್ತಿದ್ದರು. ಎ1 ಎ2 ಅನ್ನುವುದು ಈಗಿನ ಯು1 ಯು2, ಬಿ ಅಂದರೆ ವಿ, ಸಿ ಅಂದರೆ ಡಬ್ಲ್ಯೂ. ಹೊಸ ಸ್ಟಾರ್ಟರಿನ ಚಿತ್ರದಲ್ಲಿ ಹೊಸ ಹೆಸರಿರುತ್ತದೆ, ಗೊಂದಲ ಮಾಡಿಕೊಳ್ಳಬೇಡಿ.

ನಿಮ್ಮ ಅದೃಷ್ಟ ಚೆನ್ನಾಗಿದೆ. ಆ ತ್ರಿಕೋನ ಅಂದರೆ 400ರ ಲೈನಿನಲ್ಲಿ ಡೆಲ್ಟಾದಲ್ಲಿ ಓಡುವ ಮೋಟಾರು. ಆರು ತುದಿ ಇವೆ. ಸ್ಟಾರ್ ಡೆಲ್ಟಾ ಸ್ಟಾರ್ಟರ್ ಧಾರಾಳವಾಗಿ ಹಾಕಬಹುದು. ಮೂರೇ ತುದಿ ಇದ್ದಿದ್ದರೆ ಡಿಓಎಲ್ ಬಿಟ್ಟರೆ ದಾರಿ ಕಡಿಮೆ. ಬ್ರಷ್ ಇರುವ ಸ್ಲಿಪ್ ರಿಂಗ್ ಮೋಟಾರು ಆಗಿದ್ದರೆ ಕಥೆಯೇ ಬೇರೆ.

ಹೊಸಕೋಟೆ ಹೈದ:
ಪ್ಲೇಟು ಓದದೆ ನಾನು ಒಂದು ಮೋಟಾರು ಸುಟ್ಟಿದ್ದೇನೆ, ಈಗ ಒಪ್ಪಿಕೊಳ್ಳುತ್ತೇನೆ. ಭಾನುವಾರದ ಗುಜರಿ ಸಂತೆಯಲ್ಲಿ ಒಂದು ಫಾರಿನ್ ಮೋಟಾರು ಸಿಕ್ಕಿತ್ತು, ಚಿಕ್ಕದು, ಮುದ್ದಾಗಿತ್ತು. ಆರು ತುದಿ ಇತ್ತು, ಸ್ಟಾರ್ ಡೆಲ್ಟಾ ಹಾಕಿದೆ. ಸ್ಟಾರ್‌ನಲ್ಲಿ ಹೂವಿನ ಹಾಗೆ ಓಡಿತು. ಡೆಲ್ಟಾಗೆ ಹೋಯಿತು, ಗುಂಯ್ ಅಂತು, ಎರಡು ನಿಮಿಷಕ್ಕೆ ಹೊಗೆ. ಆಮೇಲೆ ನೋಡಿದರೆ ಪ್ಲೇಟಿನ ಮೇಲೆ 230/400 ಅಂತ ಇತ್ತು, ತ್ರಿಕೋನ 230ರ ಮುಂದೆ, ಸ್ಟಾರ್ 400ರ ಮುಂದೆ.

ವೈಂಡಿಂಗ್ ವಾಸು:
ಅಂದರೆ ಪ್ರತಿ ಸುರುಳಿಗೂ 230 ಕೊಡಬೇಕಿದ್ದ ಕಡೆ 400 ಕೊಟ್ಟಿರಿ. ಅದು ಯಾವಾಗಲೂ ಸ್ಟಾರ್‌ನಲ್ಲೇ ಇರಬೇಕಾದ ಮೋಟಾರು. ಅಂಥದ್ದು ತಿಂಗಳಿಗೆ ಒಂದಾದರೂ ನನ್ನ ಅಂಗಡಿಗೆ ಬರುತ್ತದೆ. ಸುಟ್ಟ ವೈಂಡಿಂಗ್ ನೋಡಿದರೇ ಏನಾಗಿದೆ ಗೊತ್ತಾಗುತ್ತದೆ. ಎಲ್ಲ ಸುರುಳಿ ಒಂದೇ ಸಮ ಕಪ್ಪಾಗಿದ್ದರೆ ಲೋಡು ಜಾಸ್ತಿ ಅಥವಾ ವೋಲ್ಟೇಜ್ ಜಾಸ್ತಿ. ಸ್ಟಾರ್ ಮೋಟಾರಿನಲ್ಲಿ ಎರಡು ಫೇಸಿನ ಸುರುಳಿ ಕರಿ, ಮೂರನೆಯದು ಹೊಸದರ ಹಾಗಿದ್ದರೆ ಒಂದು ಫೇಸ್ ಹೋಗಿತ್ತು ಅಂತ ಅರ್ಥ. ಡೆಲ್ಟಾದಲ್ಲಿ ಒಂದೇ ಫೇಸಿನದ್ದು ಕರಿಯಾಗಿರುತ್ತದೆ. ಗಿರಾಕಿ ಎಷ್ಟು ಸುಳ್ಳು ಹೇಳಿದರೂ ತಾಮ್ರ ಹೇಳುವುದಿಲ್ಲ.

ಚಿಕ್ಕಪೇಟೆ ಚಿದು:
ಒಂದು ಮಾತು. ಹಳೇ ಸ್ಟಾರ್ಟರನ್ನೇ ಯಾಕೆ ರಿಪೇರಿ ಮಾಡಿಸಬಾರದು? ಕಾಯಿಲ್ ಸುಟ್ಟಿರಬಹುದು ಅಷ್ಟೇ. ಕಾಯಿಲ್ ಸುತ್ತಿಸಲು ಐದಾರು ನೂರು ರೂಪಾಯಿ. ಅಥವಾ ಕಾಯಿಲ್ ಸರಿಯಾಗಿದ್ದು ಹಿಡಿಯ ಕೊಕ್ಕೆ ಸವೆದಿರಬಹುದು. ಆ ಡಬ್ಬದ ಕೆಳಗೆ ಮೂರು ಪುಟ್ಟ ಲೋಟ ಇರುತ್ತವೆ, ಎಣ್ಣೆಯ ಡ್ಯಾಶ್‌ಪಾಟ್. ಓವರ್‌ಲೋಡ್ ತಕ್ಷಣ ಬೀಳದೆ ಸ್ವಲ್ಪ ತಡೆದು ಬೀಳಲಿ ಅಂತ. ಅದರ ಎಣ್ಣೆ ಆರಿಹೋದರೂ ಮೋಟಾರು ಏಳುವ ಹೊತ್ತಿಗೇ ಟ್ರಿಪ್ ಆಗಿ ಹಿಡಿ ಬೀಳುತ್ತದೆ. ನಾನು ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ಇಪ್ಪತ್ತು ವರ್ಷ ಸ್ವಿಚ್‌ಗೇರ್ ಮಾರಿದವನು. ಅಂಥ ಗಟ್ಟಿ ಸಾಮಾನು ಈಗ ಬರುವುದಿಲ್ಲ.

ಗವಿಪುರದ ಅಳಿಯ:
ಲೋಟ ನೋಡಿದೆ. ಎರಡರಲ್ಲಿ ಎಣ್ಣೆ ಇಲ್ಲ. ಒಂದರಲ್ಲಿ ಇರುವುದು ಕೊಬ್ಬರಿ ಎಣ್ಣೆ. ಮಾವನನ್ನು ಕೇಳಿದೆ, ಎಣ್ಣೆ ಎಣ್ಣೇನೇ ಅಲ್ವಾ ಅಂದರು.

ಚಿಕ್ಕಪೇಟೆ ಚಿದು:
🤦 ಚಳಿಗಾಲದಲ್ಲಿ ಗಟ್ಟಿಯಾಗುವ ಎಣ್ಣೆ! ಡಿಸೆಂಬರಿನಲ್ಲಿ ಓವರ್‌ಲೋಡ್ ರಜೆ ಹಾಕಿರುತ್ತದೆ.

ಸುಮಾ ಇಇಇ:
ಚಿದು ಅವರೇ, ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ದೊಡ್ಡ ತೊಟ್ಟಿಯ ಎಣ್ಣೆ ಎಷ್ಟು ವರ್ಷದಿಂದ ಬದಲಾಗಿಲ್ಲವೋ. ಮಸಿ ತುಂಬಿದ ಎಣ್ಣೆಯಲ್ಲಿ ಕಿಡಿ, ಸುತ್ತ ಹಿಟ್ಟಿನ ಧೂಳು. ಗಾಳಿಯಲ್ಲಿ ತೇಲುವ ಹಿಟ್ಟಿಗೆ ಕಿಡಿ ತಗುಲಿದರೆ ಅದು ಪಟಾಕಿ. ಒಂದು ಫೇಸ್ ಹೋದರೆ ನಿಲ್ಲಿಸುವ ಏರ್ಪಾಡೂ ಅದರಲ್ಲಿ ಇಲ್ಲ. ಮೋಟಾರು ಉಳಿಸೋಣ, ಸ್ಟಾರ್ಟರನ್ನು ಗೋಡೆಗೆ ಅಲಂಕಾರಕ್ಕೆ ಬಿಡೋಣ. ತೆರೆಯುವಾಗ ಒಳಗೆ ಬೂದು ಬಣ್ಣದ ನಾರಿನ ಹಲಗೆ ಕಂಡರೆ ಕೆರೆಯಬೇಡಿ, ಊದಬೇಡಿ. ಹಳೇ ಸ್ವಿಚ್‌ಗೇರಿನಲ್ಲಿ ಕಲ್ನಾರು ಹಾಕುತ್ತಿದ್ದರು.

ಚಿಕ್ಕಪೇಟೆ ಚಿದು:
ಒಪ್ಪಿದೆ ಮೇಡಂ. ಮನಸ್ಸಿಲ್ಲದ ಮನಸ್ಸಿನಿಂದ.

ವೈಂಡಿಂಗ್ ವಾಸು:
ಸ್ಟಾರ್ಟರ್ ತರುವ ಮೊದಲು ಮೆಗ್ಗರ್ (ಕರೆಂಟ್ ಸೋರುತ್ತಿದೆಯಾ ಅಂತ ಇನ್ಸುಲೇಷನ್ ಅಳೆಯುವ ಮೀಟರು) ಹಾಕಿಸಿ. 500 ವೋಲ್ಟಿನ ಮೆಗ್ಗರ್ ಸಾಕು. ಆರು ತುದಿಯ ಪಟ್ಟಿ ಬಿಚ್ಚಿಟ್ಟು ಪ್ರತಿ ಸುರುಳಿಗೂ ಮೈಗೂ ನಡುವೆ ಒಂದು ಸಲ, ಸುರುಳಿ ಸುರುಳಿಯ ನಡುವೆ ಒಂದು ಸಲ. ಒಂದು ಮೆಗಾ ಓಮಿಗಿಂತ ಕಡಿಮೆ ಬಂದರೆ ಕರೆಂಟ್ ಕೊಡಬೇಡಿ.

ಗವಿಪುರದ ಅಳಿಯ:
ಪಕ್ಕದ ಬೀದಿಯ ಲಿಫ್ಟ್ ಮೆಕ್ಯಾನಿಕ್ ಮೆಗ್ಗರ್ ತಂದಿದ್ದರು. 0.4 ಬಂತು. ಮುಗಿಯಿತಾ?

ವೈಂಡಿಂಗ್ ವಾಸು:
ಏನೂ ಮುಗಿದಿಲ್ಲ. ಒಂದು ವಾರ ನಿಂತಿದೆ, ಮಳೆ ಬೇರೆ. ತೇವ. ಮೊದಲು ಬ್ರಷ್ಷಿನಲ್ಲಿ ಹಿಟ್ಟೆಲ್ಲ ತೆಗೆಯಿರಿ. ಆಮೇಲೆ ಎರಡು ಕಡೆಯ ಮುಚ್ಚಳ ತೆಗೆದು 200 ವ್ಯಾಟಿನ ಬಲ್ಬು ಹತ್ತಿರ ಇಟ್ಟು, ಮೇಲೆ ಗೋಣಿಚೀಲ ಹೊದಿಸಿ, ಎರಡು ದಿನ ಬಿಡಿ. ಗೋಣಿ ಬಲ್ಬಿಗೆ ತಾಗದ ಹಾಗೆ ನೋಡಿಕೊಳ್ಳಿ, ರಾತ್ರಿ ಯಾರಾದರೂ ಇರಬೇಕು.

ಗವಿಪುರದ ಅಳಿಯ:
ಒಂದು ರಾತ್ರಿ ಇಟ್ಟೆ, 0.4 ಹಾಗೇ ಇದೆ. ಮೋಟಾರು ತಣ್ಣಗೇ ಇದೆ.

ಮೂರು ಫೇಸ್:
ಯಾವ ಬಲ್ಬು ಇಟ್ಟಿರಿ?

ಗವಿಪುರದ ಅಳಿಯ:
ಎಲ್‌ಇಡಿ.

ಮೂರು ಫೇಸ್:
😂😂😂

ರಾಗಿಮುದ್ದೆ:
ಓದಿಕೊಳ್ಳಲಿ ಅಂತ ಮೋಟಾರಿಗೆ ದೀಪ ಹಚ್ಚಿದ್ದಾರೆ.

ವೈಂಡಿಂಗ್ ವಾಸು:
ಸಾರ್, ನಮಗೆ ಬೇಕಿರುವುದು ಬೆಳಕಲ್ಲ, ಬಿಸಿ. ತಂತಿ ಕಾಯುವ ಹಳೇ ಬಲ್ಬು. ಕೋಳಿಮರಿ ಸಾಕುವವರಿಗೆ ಮಾರುವ ಅಂಗಡಿಯಲ್ಲಿ ಕೇಳಿ ನೋಡಿ.

ಗವಿಪುರದ ಅಳಿಯ:
ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಕೋಳಿಮರಿ ಬಲ್ಬು ಸಿಕ್ಕಿತು. ಮಾವ ಗಿರಣಿಯಲ್ಲೇ ಎರಡು ರಾತ್ರಿ ಮಲಗಿದರು. ಮೋಟಾರು ತಣ್ಣಗಾದ ಮೇಲೆ ಮೆಗ್ಗರಿನಲ್ಲಿ 12 ಬಂತು! ಬೇರಿಂಗ್ ತೊಳೆದು ಹೊಸ ಗ್ರೀಸ್ ಹಾಕಿಸಿದೆ. ನಿನ್ನೆ ಚಿದು ಅವರ ರಸ್ತೆಗೆ ಹೋಗಿ ತಾನಾಗಿ ಬದಲಾಗುವ ಸ್ಟಾರ್ ಡೆಲ್ಟಾ ಸ್ಟಾರ್ಟರ್ ತಂದೆ. ಮೂರು ಕಾಂಟ್ಯಾಕ್ಟರ್ (ಕಾಯಿಲ್ ಎಳೆದಾಗ ಕೂರುವ ಸ್ವಿಚ್ಚು), ಒಂದು ಟೈಮರ್, ಒಂದು ಓವರ್‌ಲೋಡ್ ರಿಲೇ, ಫೇಸ್ ಹೋದರೆ ನಿಲ್ಲಿಸುವ ಪುಟ್ಟ ಡಬ್ಬ ಬೇರೆ. ನಾನು ಎಲ್ & ಟಿ ಕೇಳಿದರೆ ಅಂಗಡಿಯವರು ಲೌರಿಟ್ಜ್ ಕ್ನುಡ್ಸನ್ ಅಂತ ಬರೆದ ಡಬ್ಬ ತೋರಿಸಿದರು, ಡೂಪ್ಲಿಕೇಟ್ ಅಂತ ಜಗಳ ಮಾಡಿ ಬೇರೆ ಕಂಪನಿಯದ್ದು ತಂದೆ.

ಚಿಕ್ಕಪೇಟೆ ಚಿದು:
ಅಯ್ಯೋ ರಾಮ. ಅದು ಡೂಪ್ಲಿಕೇಟ್ ಅಲ್ಲ. ಎಲ್ & ಟಿಯ ಸ್ವಿಚ್‌ಗೇರ್ ವ್ಯವಹಾರವನ್ನು 2020ರಲ್ಲಿ ಷ್ನೈಡರ್ ಕೊಂಡುಕೊಂಡಿತು, 2024ರಲ್ಲಿ ಹೆಸರು ಬದಲಾಯಿತು. ನಮ್ಮ ರೈತರು ಇನ್ನೂ ಎಲ್ & ಟಿ ಅಂತಲೇ ಕೇಳುತ್ತಾರೆ. ಇರಲಿ ಬಿಡಿ, ತಂದಿದ್ದು ಐಎಸ್‌ಐ ಗುರುತಿನದ್ದು ಆದರೆ ಸಾಕು.

ಗವಿಪುರದ ಅಳಿಯ:
ಎಲೆಕ್ಟ್ರಿಷಿಯನ್ (ಮೊದಲು ಬಂದವನಲ್ಲ, ಬೇರೆ ಹುಡುಗ) ಇವತ್ತು ವೈರಿಂಗ್ ಮಾಡಿದ. ಈಗ ಹೊಸ ತಲೆನೋವು. ಹಸಿರು ಬಟನ್ ಒತ್ತಿದರೆ ಮೋಟಾರು ಚೆನ್ನಾಗಿ ಏಳುತ್ತದೆ. ಎಂಟು ಸೆಕೆಂಡಿಗೆ ಟೈಮರ್ ಟಕ್ ಅನ್ನುತ್ತದೆ, ತಕ್ಷಣ ಮೋಟಾರು ಹುಲಿಯ ಹಾಗೆ ಗುರ್ ಅಂದು ಎಂಸಿಬಿ ಬೀಳುತ್ತದೆ. ಮೂರು ಸಲ ನೋಡಿದೆವು. ಮಾವ, ನನ್ನ ಹಿಡಿಯೇ ವಾಸಿ ಇತ್ತು ಅನ್ನುತ್ತಿದ್ದಾರೆ.

ಡ್ರೈವ್ ದಿನೇಶ:
ವಿಎಫ್‌ಡಿ ಹಾಕಿದ್ದರೆ ಇದೆಲ್ಲ ಇರುತ್ತಿರಲಿಲ್ಲ. ಹೇಳಿದೆ ಅಷ್ಟೇ.

ಸುಮಾ ಇಇಇ:
ನಾಲ್ಕನೇ ಸಲ ನೋಡಬೇಡಿ! ಸ್ಟಾರ್ಟರ್ ಕೆಟ್ಟಿಲ್ಲ. ವೈರು ಅದಲುಬದಲು ಆಗಿದೆ. ಹೊಸ ಸ್ಟಾರ್ಟರಿನಿಂದ ಮೋಟಾರಿಗೆ ಆರು ವೈರು ಬಂದಿದೆ ಅಲ್ವಾ? ಆ ಹುಡುಗ ಎರಡು ಜೊತೆಗೂ ಕೆಂಪು ಹಳದಿ ನೀಲಿಯನ್ನೇ ಬಳಸಿದ್ದಾನಾ?

ಗವಿಪುರದ ಅಳಿಯ:
ಹೌದು, ಎರಡಕ್ಕೂ ಅದೇ ಬಣ್ಣ. ಹೇಗೆ ಗೊತ್ತಾಯಿತು?

ಸುಮಾ ಇಇಇ:
ಸ್ಟಾರ್‌ನಲ್ಲಿ ಎ2, ಬಿ2, ಸಿ2 ಮೂರೂ ಒಂದೇ ಕಡೆ ಸೇರುತ್ತವೆ. ಅಲ್ಲಿ ಯಾವುದು ಎಲ್ಲಿದ್ದರೂ ವ್ಯತ್ಯಾಸವೇ ಇಲ್ಲ, ಮೋಟಾರು ಸರಿಯಾಗೇ ಓಡುತ್ತದೆ. ಡೆಲ್ಟಾದಲ್ಲಿ ಹಾಗಲ್ಲ. ಒಂದು ಸುರುಳಿಯ ಕೊನೆ ಇನ್ನೊಂದು ಸುರುಳಿಯ ಶುರುವಿಗೆ ಸೇರಬೇಕು. ಕೊನೆಯ ಮೂರರಲ್ಲಿ ಎರಡು ಅದಲುಬದಲಾದರೆ ಒಂದು ಸುರುಳಿಯ ಎರಡೂ ತುದಿ ಒಂದೇ ಫೇಸಿಗೆ ಹೋಗುತ್ತವೆ. ಅದು ಷಾರ್ಟ್ ಆದ ಬಳೆಯ ಹಾಗೆ. ಮಿಕ್ಕ ಎರಡು ಸುರುಳಿ ಒಂದಕ್ಕೊಂದು ಜಗ್ಗಾಡುತ್ತವೆ. ನಿಮಗೆ ಕೇಳಿಸಿದ ಹುಲಿ ಅದೇ.

ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು, ಆರೂ ವೈರು ಸ್ಟಾರ್ಟರ್ ಕಡೆಯಿಂದ ಬಿಚ್ಚಿ. ಮಲ್ಟಿಮೀಟರಿನಲ್ಲಿ ಒಂದೊಂದೇ ಜೊತೆ ಹುಡುಕಿ. ಕಾಗದದ ಚೀಟಿ ಕಟ್ಟಿ ಹೆಸರು ಬರೆಯಿರಿ. ಡೆಲ್ಟಾ ಕಾಂಟ್ಯಾಕ್ಟರ್ ಕೂತಾಗ ಎ1 ಜೊತೆ ಸಿ2, ಬಿ1 ಜೊತೆ ಎ2, ಸಿ1 ಜೊತೆ ಬಿ2 ಬರಬೇಕು. ಮೋಟಾರು ಉಲ್ಟಾ ತಿರುಗಿದರೆ ಬರುವ ಲೈನಿನ ಎರಡು ಫೇಸ್ ಮಾತ್ರ ಬದಲಿಸಿ, ಮೋಟಾರಿನ ಕಡೆ ಮತ್ತೆ ಕೈ ಹಾಕಬೇಡಿ.

ಮೂರು ಫೇಸ್:
ಓವರ್‌ಲೋಡ್ ಎಷ್ಟಕ್ಕೆ ಇಟ್ಟಿದ್ದಾನೆ ನೋಡಿ.

ಗವಿಪುರದ ಅಳಿಯ:
11ಕ್ಕೆ ಇಡಲು ಹೋದ, ರಿಲೇಯಲ್ಲಿ 6ರಿಂದ 10 ಮಾತ್ರ ಇತ್ತು. ತಪ್ಪು ಸ್ಟಾರ್ಟರ್ ಕೊಟ್ಟಿದ್ದಾರೆ ಅಂತ ಬೈದು 10ಕ್ಕೆ ಇಟ್ಟ.

ಮೂರು ಫೇಸ್:
ಅಂಗಡಿಯವರು ಸರಿಯಾಗೇ ಕೊಟ್ಟಿದ್ದಾರೆ. ಇಂಥ ಸ್ಟಾರ್ಟರಿನಲ್ಲಿ ರಿಲೇ ಕೂತಿರುವುದು ಮೇನ್ ಕಾಂಟ್ಯಾಕ್ಟರಿನ ಕೆಳಗೆ, ಸುರುಳಿಗೆ ಹೋಗುವ ವೈರಿನಲ್ಲಿ. ಅಲ್ಲಿ ಹರಿಯುವುದು ಲೈನಿನ 58 ಶೇಕಡಾ ಮಾತ್ರ. 11.2 ಇಂಟು 0.58, ಆರೂವರೆ. 10ಕ್ಕೆ ಇಟ್ಟರೆ ಲೈನಿನಲ್ಲಿ 17 ಆಂಪ್ ಹೋದರೂ ರಿಲೇ ನಿದ್ದೆ ಮಾಡುತ್ತಿರುತ್ತದೆ.

ಹೊಸಕೋಟೆ ಹೈದ:
ಓಹೋ. ನಮ್ಮ ದೊಡ್ಡ ಪಂಪಿನದ್ದು ಪ್ಲೇಟಿನ ಪೂರ್ತಿ ಆಂಪಿಗೆ ಇದೆ. ನಾಳೆ ಬೆಳಗ್ಗೆ ತೋಟಕ್ಕೆ ಓಡಬೇಕು.

ಮೂರು ಫೇಸ್:
ರಿಲೇ ಎಲ್ಲಿ ಕೂತಿದೆ ಅಂತ ಮೊದಲು ನೋಡಿ ಹೈದ, ಬರುವ ಲೈನಿನಲ್ಲೇ ಇದ್ದರೆ ಪೂರ್ತಿ ಆಂಪೇ ಸರಿ. ಮತ್ತೆ ಅಳಿಯಂದಿರೇ, ಮೈಗೆ ಅರ್ಥ್ ಎರಡು ಬೇರೆ ಬೇರೆ ಎಳೆಸಿ. ಒಂದು ಸಾಲದು.

ಗವಿಪುರದ ಅಳಿಯ:
ಓಡಿತು!!! ಬಿ2 ಮತ್ತು ಸಿ2 ಅದಲುಬದಲಾಗಿತ್ತು. ಚೀಟಿ ಕಟ್ಟಿ, ಮೀಟರ್ ಹಿಡಿದು, ಒಂದೊಂದೇ ಜೋಡಿಸಿದೆವು. ಟಕ್ ಅಂತು, ಸದ್ದೇ ಇಲ್ಲದೆ ಡೆಲ್ಟಾಗೆ ಹೋಯಿತು. ಓವರ್‌ಲೋಡ್ 6.5ಕ್ಕೆ. ಎರಡು ಅರ್ಥ್ ಆಯಿತು. ರಾಗಿ ಹಾಕಿ ಬೀಸುವಾಗ ಕ್ಲಾಂಪ್ ಮೀಟರಿನಲ್ಲಿ ಲೈನಿನಲ್ಲಿ 8.5, ಮೋಟಾರಿನ ವೈರಿನಲ್ಲಿ 4.9. ಫೇಸ್ ಡಬ್ಬ ನೋಡಲು ಒಂದು ಫ್ಯೂಸ್ ಕಿತ್ತೆವು, ಮೂರು ಸೆಕೆಂಡಿಗೆ ತಾನೇ ನಿಂತಿತು.

ಸ್ಟಾರ್ಟರಿಗೆ 6 ಸಾವಿರದ ಚಿಲ್ಲರೆ, ಹುಡುಗನಿಗೆ ಸಾವಿರದ ಐನೂರು, ಕೋಳಿಮರಿ ಬಲ್ಬು 90.

ಮಾವ ಮಾತ್ರ ಇನ್ನೂ ಹಳೇ ಹಿಡಿಯ ಹತ್ತಿರ ಕೈ ಒಯ್ಯುತ್ತಾರೆ. ಅದನ್ನು ಗೋಡೆಯಿಂದ ಇಳಿಸಲು ಬಿಡುತ್ತಿಲ್ಲ. ಒಳಗಿನ ಎಣ್ಣೆ, ವೈರು ಎಲ್ಲ ತೆಗೆದಿದ್ದೇವೆ, ಖಾಲಿ ಡಬ್ಬ. ಬಟನ್ ಒತ್ತುವ ಮೊದಲು ಒಂದು ಸಲ ಹಿಡಿ ತಳ್ಳಿ ಬರುತ್ತಾರೆ.

ಎನ್‌ಜಿಇಎಫ್ ಮಗಳು:
ಪ್ಲೇಟಿನ ಫೋಟೋ ಹಾಕಿ ಸಾರ್, ಅಪ್ಪನಿಗೆ ತೋರಿಸಬೇಕು. ಈಗ ಕಣ್ಣು ಮಂದ, ಆದರೂ ಗುರುತು ಹಿಡಿಯುತ್ತಾರೆ.

ವೈಂಡಿಂಗ್ ವಾಸು:
ಆರು ತಿಂಗಳಿಗೊಮ್ಮೆ ಟರ್ಮಿನಲ್ ನಟ್ ಬಿಗಿ ಮಾಡಿಸಿ. ಹೊಸ ಲಗ್ಗು ಹಾಕಿದ ಮೇಲೆ ಮೊದಲ ವಾರ ಸಡಿಲ ಆಗುತ್ತದೆ.

ಡ್ರೈವ್ ದಿನೇಶ:
ಸರಿ, ಚೆನ್ನಾಗಿ ಆಯಿತು. ಹೊಸ ಮೋಟಾರು ತಂದಾಗ ಹೇಳಿ.

ವೈಂಡಿಂಗ್ ವಾಸು:
ಅಲ್ಲಿಯವರೆಗೆ ನಾವಿಬ್ಬರೂ ಇರುತ್ತೇವಾ ದಿನೇಶ್?

ರಾಗಿಮುದ್ದೆ:
ಎಲ್ಲ ಸರಿ, ಮೂರು ಸಲ ಕೇಳಿದ್ದೇನೆ. ವಿಳಾಸ?

ಗವಿಪುರದ ಅಳಿಯ:
ಒಂದೇ ಸಲ ಕೇಳಿದ್ದೀರಿ 😄 ಮೆಸೇಜ್ ಮಾಡಿದ್ದೇನೆ. ರಾಗಿಗೆ ಮಂಗಳವಾರ, ಶನಿವಾರ ಮಾತ್ರ. ಮೆಣಸಿನಕಾಯಿ ತರಬೇಡಿ, ಮಾವ ಬೈಯುತ್ತಾರೆ.